ಯಾವ ಜನ ಕೊಟ್ಟ ತೀರ್ಪು?

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: "ನಿಮ್ಮ ಪತ್ರಿಕೆ ಹೊಗಳಿದ ಪ್ರೇಮಕಥೆ ನಮ್ಮೂರಲ್ಲಿ ಒಂದು ವಾರವೂ ನಿಲ್ಲಲಿಲ್ಲ. ಕಣ್ಣೀರಿನ ಚಿತ್ರಗಳ ಕಾಲ ಮುಗಿಯಿತು. 'ಕೆಜಿಎಫ್' ಗಳಿಕೆ ನೋಡಿ, ಜನ ತೀರ್ಪು ಕೊಟ್ಟಾಗಿದೆ. ಇನ್ನಾದರೂ ಈ ಅಳುಬುರುಕ ಸಿನಿಮಾಗಳನ್ನು ಹೊಗಳೋದು ನಿಲ್ಲಿಸಿ."

ಸಂಪಾದಕರ ಉತ್ತರ:

ಗಳಿಕೆಯ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ ಸ್ವಾಮಿ. 'ಕೆಜಿಎಫ್' ಎರಡನೇ ಭಾಗ 2022ರಲ್ಲಿ ಸಾವಿರ ಕೋಟಿ ದಾಟಿತು. ಖಾಲಿ ಕುರ್ಚಿಗಳಿಗಾಗಿ ಕರೆಂಟ್ ಬಿಲ್ ಕಟ್ಟುತ್ತಾ ಯಾವ ಟಾಕೀಸಿನವರೂ ಬದುಕಲಾರರು. ಅದು ಸರಿ. ಆದರೆ ಜನ ತೀರ್ಪು ಕೊಟ್ಟರು ಅಂದಿರಲ್ಲ, ಯಾವ ಜನ?

1974ರ 'ಎರಡು ಕನಸು' ನೆನಪಿಸಿಕೊಳ್ಳಿ. ಪ್ರೀತಿಸಿದವಳು ಒಬ್ಬಳು, ಹಿರಿಯರ ಮಾತಿಗೆ ಕಟ್ಟುಬಿದ್ದು ಮದುವೆಯಾದವಳು ಇನ್ನೊಬ್ಬಳು. ರಾಜ್‌ಕುಮಾರ್, ಕಲ್ಪನಾ, ಜೊತೆಗೆ ನಮ್ಮ ತುಮಕೂರು ಜಿಲ್ಲೆಯವರೇ ಆದ ಮಂಜುಳಾ. ಮೂಲ ಕಾದಂಬರಿ ವಾಣಿಯವರದು. 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು, 'ಶರಪಂಜರ' ತ್ರಿವೇಣಿಯವರದು, 1984ರ 'ಬಂಧನ' ಉಷಾ ನವರತ್ನರಾಂ ಅವರದು. ಎಲ್ಲವೂ ಹೆಂಗಸರು ಬರೆದ ಕಥೆಗಳು, ಅಲ್ವಾ? ಪುಸ್ತಕ ಓದಿ ಅತ್ತವರೇ ಟಾಕೀಸಿಗೂ ಬಂದು ಅತ್ತರು.

ತುಮಕೂರಿನ ಚಿಕ್ಕಪೇಟೆಯಲ್ಲಿದ್ದ ನಮ್ಮ ಸೋದರತ್ತೆ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಅಕ್ಕಪಕ್ಕದವರನ್ನು ಕೂಗಿಕೊಂಡು ಮ್ಯಾಟಿನಿಗೆ ಹೊರಡುತ್ತಿದ್ದರು. ಹೆಂಗಸರಿಗೆ ಟಿಕೆಟ್ ಕೌಂಟರೇ ಬೇರೆ. ದೀಪ ಹಚ್ಚೋ ಹೊತ್ತಿಗೆ ಮನೆಗೆ ವಾಪಸ್. ಮಾರನೇ ದಿನ ಬೀದಿ ನಲ್ಲಿಯ ಹತ್ತಿರ ಪೂರ್ತಿ ಕಥೆ ಹೇಳಿ ಇನ್ನೊಂದು ಗುಂಪನ್ನು ಕಳಿಸುತ್ತಿದ್ದರು. ಕಥೆ ಮೊದಲೇ ಗೊತ್ತಾದರೂ ಅವರು ಹೋಗುತ್ತಿದ್ದರು, ಅತ್ತು ಬರುತ್ತಿದ್ದರು. ಪ್ರೇಮಕಥೆಗಳು ಓಡಿದ್ದೇ ಹೀಗೆ. ಅದಕ್ಕೆ ಎರಡನೇ ವಾರ ಬೇಕು, ಮೂರನೇ ವಾರವೂ ಬೇಕು. 'ಮುಂಗಾರು ಮಳೆ' ತೆರೆಗೆ ಬಂದದ್ದು 2006ರ ಡಿಸೆಂಬರ್ 29ಕ್ಕೆ. ನಾಯಕ ಪ್ರೀತಿಸಿದವಳನ್ನು ಬಿಟ್ಟುಕೊಟ್ಟು ಒಬ್ಬನೇ ಉಳಿಯುವ ಕಥೆ. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲೇ ವರ್ಷಕ್ಕಿಂತ ಜಾಸ್ತಿ ಓಡಿತು.

ಈಗ ಶುಕ್ರವಾರ ಬಿಡುಗಡೆ, ಸೋಮವಾರ ತೀರ್ಪು, ಗುರುವಾರ ಎತ್ತಂಗಡಿ. 2023ರ ಸೆಪ್ಟೆಂಬರ್ 1ಕ್ಕೆ ಬಂದ 'ಸಪ್ತ ಸಾಗರದಾಚೆ ಎಲ್ಲೋ' ಅದೇ ತಿಂಗಳ 29ಕ್ಕೆ ಮೊಬೈಲಿಗೆ ಬಂತು. ಮಕ್ಕಳ ಪರೀಕ್ಷೆ ಮುಗಿಸಿ, ಜೊತೆ ಹುಡುಕಿಕೊಂಡು ಒಬ್ಬ ಹೆಂಗಸು ಹೊರಡುವಷ್ಟರಲ್ಲಿ ಟಾಕೀಸಿನಲ್ಲಿ ಬೇರೆ ಪೋಸ್ಟರ್ ಅಂಟಿರುತ್ತದೆ. ಮೊದಲ ಮೂರು ದಿನದ ಲೆಕ್ಕದಲ್ಲಿ ಅವಳು ಇಲ್ಲವೇ ಇಲ್ಲ. ಅಲ್ಲಿರೋದು ಬೈಕಲ್ಲಿ ಬರುವ ಹುಡುಗರು. ನೀವು ಜನ ಅಂದದ್ದು ಅವರನ್ನೇ.

ಇನ್ನೊಂದು ಮಾತು ಹೇಳಲೇಬೇಕು. ಕಳೆದ ವರ್ಷ ನಮ್ಮ ಮನೆಯವರ ಜೊತೆ ಇಲ್ಲಿನ ಒಂದು ಟಾಕೀಸಿಗೆ ಮಧ್ಯಾಹ್ನದ ಆಟಕ್ಕೆ ಹೋಗಿದ್ದೆ. ಹೆಂಗಸರ ಶೌಚಾಲಯಕ್ಕೆ ಬೀಗ. ಕೇಳಿದರೆ ಕೆಲಸದ ಹುಡುಗ, "ಲೇಡೀಸ್ ಬರಲ್ಲ ಸಾರ್, ಅದಕ್ಕೇ ಹಾಕಿದೀವಿ" ಅಂದ. ಬೀಗ ಹಾಕಿದ್ದಕ್ಕೇ ಅವರು ಬರುವುದಿಲ್ಲ ಅನ್ನೋದು ಯಾರಿಗೂ ಹೊಳೆದಿಲ್ಲ. ನನಗೆ ಸಿಟ್ಟು ಬಂತು, ಈಗಲೂ ಇದೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಸಿದ್ಧಗಂಗೆಗೆ, ದೇವರಾಯನದುರ್ಗಕ್ಕೆ ಗುಂಪು ಗುಂಪಾಗಿ ಬರುತ್ತಾರೆ. ಅದೇ ಬಸ್ಸಲ್ಲಿ ಮ್ಯಾಟಿನಿಗೂ ಬಂದಾರು. ಕೂರಲು ಶುಚಿಯಾದ ಜಾಗ, ಕತ್ತಲಾಗುವ ಮುಂಚೆ ಬಿಡುವ ಆಟ, ಕೈಗೆಟುಕುವ ಟಿಕೆಟ್ ಇಟ್ಟು ಕರೆದವರು ಯಾರು?

ಕಣ್ಣೀರಿಗೆ ಗಿರಾಕಿ ಇಲ್ಲ ಅನ್ನಬೇಡಿ. ದಿನಾ ಸಂಜೆಯಿಂದ ರಾತ್ರಿವರೆಗೂ ಟಿವಿ ಧಾರಾವಾಹಿಗಳಲ್ಲಿ ಒಲಿದವರು ಅಗಲುತ್ತಲೇ ಇದ್ದಾರೆ. ಚಾನೆಲ್‌ನವರು ಸುಮ್ನೆ ಹಾಕ್ತಾರಾ? 2025ರ ಜುಲೈಯಲ್ಲಿ ಬಂದ ಹಿಂದಿಯ 'ಸೈಯಾರಾ' ಹೊಸ ಮುಖಗಳನ್ನಿಟ್ಟುಕೊಂಡು, ಅಳಿಸಿಯೇ 500 ಕೋಟಿ ದಾಟಿತು. ನೀವು ಮೆಚ್ಚಿದ 'ಕೆಜಿಎಫ್' ಕೂಡ ನಿಂತಿರೋದು ಸಾಯುವ ತಾಯಿಗೆ ಮಗ ಕೊಟ್ಟ ಮಾತಿನ ಮೇಲೆ.

ಪ್ರೇಮಕಥೆಗಳ ಬಗ್ಗೆ ನಾವು ಬರೆಯುತ್ತಲೇ ಇರುತ್ತೇವೆ. ನೀವು ಕಾಳಜಿಯಿಂದಲೇ ಬರೆದಿದ್ದೀರಿ, ಗೊತ್ತು. ಆದರೆ ಎರಡು ಪುಟದ ಪತ್ರದಲ್ಲಿ ನಿಮ್ಮ ಮನೆಯವರು ಆ ಚಿತ್ರ ನೋಡಿದರಾ ಅನ್ನೋದೇ ಇಲ್ಲ. ಟಾಕೀಸಿಗೆ ಹೋಗೋದು ಯಾವಾಗ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಅವರನ್ನು ಕೇಳಿ. ಅವರ ಮಾತಲ್ಲೇ ಬರೆಸಿ ಕಳಿಸಿ. ಒಂದಕ್ಷರವೂ ತಿದ್ದದೆ ಅಚ್ಚು ಹಾಕುತ್ತೇವೆ.