‘ಹಾಗೂ ಇತರರು’ ಎಂಬ ಸಾಲಿನಲ್ಲಿ ಸೇರಿಹೋದವರು

ಸಕಲೇಶಪುರದ ಓದುಗರೊಬ್ಬರ ಪತ್ರದ ಸಾರಾಂಶ: ತಮ್ಮೂರಿನ ಸಂತೆಮಾಳದಲ್ಲಿ ಸಿನಿಮಾ ಚಿತ್ರೀಕರಣ ನಡೆದಾಗ ಅವರ ತಾಯಿ ಎರಡು ದಿನ ವೀಳ್ಯದೆಲೆ ಮಾರುವವರ ಪಾತ್ರದಲ್ಲಿ ಕುಳಿತಿದ್ದರು, ನಾಯಕನ ಪ್ರಶ್ನೆಗೆ ಒಂದು ಮಾತಿನ ಉತ್ತರವನ್ನೂ ಕೊಟ್ಟಿದ್ದರು. ಮನೆಮಂದಿಯೆಲ್ಲ ಹಾಸನಕ್ಕೆ ಹೋಗಿ, ಪರದೆಯ ಮೇಲೆ ಕೊನೆಯ ಅಕ್ಷರ ಸರಿಯುವವರೆಗೂ ಕಾದರೂ ಅವರ ಹೆಸರು ಬರಲಿಲ್ಲ. ಹೀಗೇಕೆ, ಹೆಸರಾಂತ ನಟರೂ ಕೆಲವೊಮ್ಮೆ ಹೆಸರಿಲ್ಲದೆ ಕಾಣಿಸಿಕೊಳ್ಳುವುದೇಕೆ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಸುಲಭದ್ದು. ಹೆಸರಾಂತ ನಟರು ಸಾಮಾನ್ಯವಾಗಿ ತಾವೇ ಬೇಡವೆಂದು ಹೇಳಿ ಹೆಸರನ್ನು ಬಿಡಿಸಿರುತ್ತಾರೆ. 1995ರ ‘ಸೆವೆನ್’ ಚಿತ್ರದಲ್ಲಿ ಕೊಲೆಗಾರನ ಪಾತ್ರ ವಹಿಸಿದ ಕೆವಿನ್ ಸ್ಪೇಸಿಯ ಹೆಸರು ಆರಂಭದ ಟೈಟಲ್ ಕಾರ್ಡಿನಲ್ಲಿರಲಿಲ್ಲ. ಇದ್ದಿದ್ದರೆ ಪ್ರೇಕ್ಷಕರು ಮೊದಲಿನಿಂದಲೇ ಅವರ ದಾರಿ ಕಾಯುತ್ತಿದ್ದರು. 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರದ ಆರಂಭದಲ್ಲಿ ರಾಕ್ಷಸನ ಪಾತ್ರದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯಷ್ಟೇ ಇತ್ತು, ಬೋರಿಸ್ ಕಾರ್ಲಾಫ್ ಎಂಬ ಹೆಸರು ಕೊನೆಯಲ್ಲಿ ಬಂತು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಡಾರ್ತ್ ವೇಡರ್ ಪಾತ್ರಕ್ಕೆ ಕಂಠ ಕೊಟ್ಟ ಜೇಮ್ಸ್ ಅರ್ಲ್ ಜೋನ್ಸ್, ತಮ್ಮ ಕೆಲಸ ಅಷ್ಟು ದೊಡ್ಡದಲ್ಲವೆಂದು ಭಾವಿಸಿ ಹೆಸರು ಬೇಡವೆಂದಿದ್ದರು. ಸ್ನೇಹಕ್ಕಾಗಿ ಒಂದು ದಿನದ ಕಾಲ್‌ಶೀಟ್ ಕೊಟ್ಟು ಅತಿಥಿಯಾಗಿ ಬಂದು ಹೋಗುವವರೂ, ಸಂಕಲನದಲ್ಲಿ ತಮ್ಮ ಪಾತ್ರ ಕತ್ತರಿಗೆ ಸಿಕ್ಕಿ ಬೇಸತ್ತು ಹೆಸರು ತೆಗೆಸುವವರೂ ಇದ್ದಾರೆ. ಹೀಗೆ ತಾವೇ ಬೇಡವೆಂದವರಿಗೆಲ್ಲ ‘ಹಾಕಿ’ ಎನ್ನುವ ಶಕ್ತಿ ಇದ್ದುದರಿಂದಲೇ ‘ಬೇಡ’ ಎನ್ನಲೂ ಸಾಧ್ಯವಾಯಿತು.

ನಿಮ್ಮ ತಾಯಿಯ ವಿಷಯ ಹಾಗಲ್ಲ. ಅವರನ್ನು ಯಾರೂ ಕೇಳಲೇ ಇಲ್ಲ.

ಸಿನಿಮಾದ ಆರಂಭದ ವರ್ಷಗಳಲ್ಲಿ ಅಮೆರಿಕದ ನಿರ್ಮಾಪಕರು ಮುಖ್ಯ ನಟರ ಹೆಸರನ್ನೂ ಮುಚ್ಚಿಡುತ್ತಿದ್ದರು. ಹೆಸರು ಜನರ ಬಾಯಿಗೆ ಬಿದ್ದರೆ ಸಂಬಳ ಹೆಚ್ಚು ಕೇಳುತ್ತಾರೆ ಎಂಬ ಭಯ ಅವರಿಗಿತ್ತು. ಫ್ಲಾರೆನ್ಸ್ ಲಾರೆನ್ಸ್ ಎಂಬ ನಟಿಯನ್ನು ಪ್ರೇಕ್ಷಕರು ಕಂಪನಿಯ ಹೆಸರಿನಿಂದ ‘ಬಯೋಗ್ರಾಫ್ ಹುಡುಗಿ’ ಎಂದಷ್ಟೇ ಬಲ್ಲವರಾಗಿದ್ದರು. ಪ್ರತಿಸ್ಪರ್ಧಿ ನಿರ್ಮಾಪಕರೊಬ್ಬರು ಆಕೆಯನ್ನು ಸೆಳೆದುಕೊಂಡು, 1910ರಲ್ಲಿ ಆಕೆಯ ಹೆಸರಿನಲ್ಲೇ ಪ್ರಚಾರ ಮಾಡಿದರು. ಮುಖ್ಯ ನಟರ ಪಾಲಿಗೆ ಆ ಕಾಲ ಮುಗಿಯಿತಾದರೂ ಗುಂಪಿನಲ್ಲಿ ನಿಂತವರ ಪಾಲಿಗೆ ಮುಗಿಯಲಿಲ್ಲ. ನಮ್ಮ ಹಳೆಯ ಚಿತ್ರಗಳಲ್ಲಿ ತಾರಾಗಣವೆಲ್ಲ ಆರಂಭದ ಎರಡು ಮೂರು ನಿಮಿಷಗಳಲ್ಲೇ ಮುಗಿಯಬೇಕಾಗಿದ್ದುದರಿಂದ ‘ಹಾಗೂ ಇತರರು’ ಎಂಬ ಸಾಲು ಆಗ ಅನಿವಾರ್ಯವಾಗಿತ್ತು ಎನ್ನೋಣ. ಕೊನೆಯಲ್ಲಿ ಐದಾರು ನಿಮಿಷ ಹೆಸರುಗಳು ಉರುಳುವ ಇಂದಿನ ಚಿತ್ರಗಳಿಗೆ ಆ ಸಬೂಬು ಒಪ್ಪುವುದಿಲ್ಲ.

ಕಾನೂನಿನ ಮಾತು ಇನ್ನೂ ನೋವಿನದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ 38ಬಿ ಕಲಮು, ಪ್ರದರ್ಶನ ನೀಡಿದ ಕಲಾವಿದರಿಗೆ ಆ ಪ್ರದರ್ಶನ ತಮ್ಮದೆಂದು ಗುರುತಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಆದರೆ ಅದೇ ತಿದ್ದುಪಡಿ ‘ಕಲಾವಿದ’ ಎಂಬ ಪದದ ವ್ಯಾಖ್ಯೆಗೆ ಒಂದು ಷರತ್ತನ್ನೂ ಸೇರಿಸಿದೆ: ಚಲನಚಿತ್ರದಲ್ಲಿ ಯಾರ ಅಭಿನಯವು ಆಕಸ್ಮಿಕ ಅಥವಾ ಪ್ರಾಸಂಗಿಕ ಸ್ವರೂಪದ್ದಾಗಿದ್ದು, ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಎಲ್ಲಿಯೂ ನಮೂದಿಸುವುದಿಲ್ಲವೋ ಅವರನ್ನು ಕಲಾವಿದರೆಂದು ಪರಿಗಣಿಸತಕ್ಕದ್ದಲ್ಲ. ತಮ್ಮ ಅಭಿನಯವನ್ನು ಮಾನಹಾನಿಯಾಗುವಂತೆ ತಿರುಚಿದರೆ ಆಕ್ಷೇಪಿಸುವ ಹಕ್ಕೊಂದು ಮಾತ್ರ ಅವರಿಗೆ ಉಳಿದಿದೆ. ಹೆಸರು ಹಾಕುವ ರೂಢಿಯಿಲ್ಲದ್ದರಿಂದ ಅವರು ಕಲಾವಿದರಲ್ಲ, ಕಲಾವಿದರಲ್ಲದ್ದರಿಂದ ಹೆಸರು ಕೇಳುವ ಹಕ್ಕಿಲ್ಲ ಎಂಬ ಈ ಸುತ್ತು ನನಗೆ ಅನ್ಯಾಯವೆಂದೇ ತೋರುತ್ತದೆ. ಸಂಭಾಷಣೆ ಹೇಳಿದ ನಿಮ್ಮ ತಾಯಿಯನ್ನು ಈ ಷರತ್ತಿನೊಳಗೆ ತರಬಹುದೇ ಎಂಬುದು ವಾದಿಸಬಹುದಾದ ವಿಷಯ. ತರಬಾರದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಜಿಲ್ಲೆಯವರಾದ ನಾವು ಈ ಮಾತನ್ನು ಹೆಚ್ಚು ಗಟ್ಟಿಯಾಗಿ ಹೇಳಬಹುದು. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳನ್ನು ಇಂದಿಗೂ ಓದಬಹುದು. ಕಲ್ಲಿನಲ್ಲಿ ಅಕ್ಷರ ಕೊರೆಯುವುದಕ್ಕಿಂತ ಪರದೆಯ ಮೇಲೆ ಒಂದು ಸಾಲು ಸೇರಿಸುವುದು ಕಷ್ಟದ ಕೆಲಸವೇನಲ್ಲ.

ಇದರಲ್ಲಿ ನಿರ್ದೇಶಕರ ದುರುದ್ದೇಶವನ್ನು ನಾನು ಕಾಣುತ್ತಿಲ್ಲ. ಊರಿನವರನ್ನು ಕರೆತರುವುದು ಸ್ಥಳೀಯ ಏಜೆಂಟರ ಕೆಲಸ. ಅವರು ತಲೆ ಎಣಿಸಿ ಅಂದಿನ ಬಾಟಾ (ದಿನಭತ್ಯೆ) ಹಂಚುತ್ತಾರೆಯೇ ಹೊರತು ಹೆಸರಿನ ಪಟ್ಟಿಯನ್ನು ಮುಂದಕ್ಕೆ ಕಳಿಸುವುದು ಅಪರೂಪ. ತಿಂಗಳುಗಳ ನಂತರ ಟೈಟಲ್ ಸಿದ್ಧಪಡಿಸುವವರ ಕೈಯಲ್ಲಿ ಆ ಹೆಸರುಗಳೇ ಇರುವುದಿಲ್ಲ. ಆದ್ದರಿಂದ ನಿಮ್ಮೂರಿಗೆ ಮತ್ತೆ ಚಿತ್ರತಂಡ ಬಂದರೆ, ಪಾಲ್ಗೊಂಡವರ ಹೆಸರು, ಊರು, ದಿನಾಂಕ, ದೃಶ್ಯ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪ್ರೊಡಕ್ಷನ್ ಮ್ಯಾನೇಜರರ ಕೈಗೇ ಕೊಟ್ಟು, ಒಂದು ಪ್ರತಿಗೆ ಅವರ ಸಹಿ ಪಡೆಯಿರಿ. ಈಗಾಗಲೇ ಬಿಡುಗಡೆಯಾದ ಈ ಚಿತ್ರದ ನಿರ್ಮಾಪಕರಿಗೂ ಒಂದು ಪತ್ರ ಬರೆಯಿರಿ. ದೂರದರ್ಶನಕ್ಕೋ ಓಟಿಟಿಗೋ ಕೊಡುವ ಪ್ರತಿಯಲ್ಲಿ ಹೆಸರು ಸೇರಿಸಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ಪತ್ರದಲ್ಲಿ ತಾಯಿಯವರ ಹೆಸರಿನ ಅಕ್ಷರಗಳು, ಇನಿಷಿಯಲ್ ಸಹಿತ, ಅವರು ಬಯಸುವಂತೆಯೇ ಇರಲಿ.