ಕಂಪನಿಯ ಹೆಸರಲ್ಲಿರುವ ನಕಲಿ ವೆಬ್‌ಸೈಟ್‌ಗೆ ಮೋಸ ಹೋಗದಿರುವುದು ಹೇಗೆ?

ವಿಳಾಸವನ್ನು ಬಲಗಡೆಯಿಂದ ಓದಿ. ಇದೊಂದು ಅಭ್ಯಾಸ ಆದರೆ ಅರ್ಧ ಅಪಾಯ ಕಡಿಮೆ.

ನಮ್ಮ ಕಾಸರಗೋಡಿನ ಕರೆಂಟ್ ಬಿಲ್ಲನ್ನೇ ತೆಗೆದುಕೊಳ್ಳಿ. ಕೆಎಸ್‌ಇಬಿ ಅಂದರೆ ಕೇರಳದ ವಿದ್ಯುತ್ ಮಂಡಳಿ, ಅದರ ಅಸಲಿ ವಿಳಾಸ 'ಕೆಎಸ್‌ಇಬಿ ಡಾಟ್ ಇನ್' ಎಂದು ಮುಗಿಯುತ್ತದೆ. 'ಕೆಎಸ್‌ಇಬಿ ಡಾಟ್ ಇನ್ ಡಾಟ್ ಬಿಲ್‌ಪೇ ಡಾಟ್ ಕಾಮ್' ಎಂದಿದ್ದರೆ ಅದು ಬೇರೆ ಯಾರದ್ದೋ ಸೈಟು. ಶುರುವಿನ 'https://' ಬಿಟ್ಟು, ನಂತರ ಬರುವ ಮೊದಲ ಓರೆಗೀಟಿನ (/) ಎಡಕ್ಕೆ, ಕೊನೆಯಲ್ಲಿ ಇರುವ ಹೆಸರೇ ನಿಜವಾದ ಮಾಲೀಕನದ್ದು. ಆ ಹೆಸರಿನ ಎಡಗಡೆ ಏನು ಬೇಕಾದರೂ ಅಂಟಿಸಬಹುದು.

ವಿಳಾಸದ ಪಕ್ಕ ಬೀಗದ ಗುರುತು ಇದೆಯಲ್ವಾ ಅಂತ ನಂಬಬೇಡಿ. ದಾರಿಯಲ್ಲಿ ಮಾಹಿತಿಯನ್ನು ಬೇರೆಯವರು ಓದಲಾರರು ಎಂದಷ್ಟೇ ಅದರ ಅರ್ಥ. ಕಳ್ಳರ ಸೈಟಿಗೂ ಬೀಗ ಸಿಗುತ್ತದೆ.

ಭಾಷೆ ತಪ್ಪಿದ್ದರೆ ನಕಲಿ ಎಂದು ಹೇಳುವುದುಂಟು. ಆದರೆ ನಮ್ಮಲ್ಲಿ ಮಲಯಾಳ ತಡವರಿಸಿ ಓದುವ ಹಿರಿಯರು ಜಾಸ್ತಿ. ಅವರಿಗೆ ಆ ತಪ್ಪು ಕಾಣುವುದೇ ಇಲ್ಲ. ಹಾಗಾಗಿ ಅವರ ಫೋನಿನಲ್ಲಿ ಸರಿಯಾದ ವಿಳಾಸವನ್ನು ನೀವೇ ಬುಕ್‌ಮಾರ್ಕ್ ಮಾಡಿಕೊಡಿ. ದಯವಿಟ್ಟು ಇದನ್ನು ಇವತ್ತೇ ಮಾಡಿ.

ಬ್ಯಾಂಕಿನದ್ದು ಈಗ ಸುಲಭ. 2025ರಲ್ಲಿ ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳಿಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬದಲಾಗಲು ಹೇಳಿತು. ಆ ಕೊನೆ ಇದೆಯಾ ನೋಡಿ.

ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತು ಒತ್ತಬೇಡಿ. ಕಸ್ಟಮರ್ ಕೇರ್ ನಂಬರನ್ನೂ ಅಲ್ಲಿಂದ ತೆಗೆಯಬೇಡಿ, ಕಾಗದದ ಬಿಲ್ಲಿನಲ್ಲಿ ಇರುತ್ತದೆ.

ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ನೆ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ಬೇಗ ತಿಳಿಸಿದರೆ ಹಣ ಮುಂದೆ ಹೋಗದಂತೆ ತಡೆಯುವ ಅವಕಾಶ ಇರುತ್ತದೆ.