ಸಿಎಎಲ್ಆರ್ ಪಾಸಿಟಿವ್: ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಕೇ?

ಪ್ರಶ್ನೆ: ಡಾಕ್ಟರೇ, ಅಮ್ಮನಿಗೆ 61 ವರ್ಷ. ಸುಮ್ನೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 9 ಲಕ್ಷ ಬಂತು. ಮೂಳೆಮಜ್ಜೆ ಪರೀಕ್ಷೆಯೂ ಆಯಿತು. ರಿಪೋರ್ಟಿನಲ್ಲಿ ‘ಎಸೆನ್ಷಿಯಲ್ ಥ್ರಾಂಬೋಸೈಥೀಮಿಯಾ, ಸಿಎಎಲ್ಆರ್ ಪಾಸಿಟಿವ್, ಜೆಎಕೆ2 ನೆಗೆಟಿವ್’ ಎಂದಿದೆ. ಸಿಎಎಲ್ಆರ್ ಅಂದರೆ ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ರೋಟೀನ್ ಅಂತ ಓದಿ, ಅಮ್ಮನ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿದ್ದೇನೆ. ಸರೀನಾ? ಈ ಕಾಯಿಲೆ ನನಗೂ ಬರುತ್ತಾ?

ಉತ್ತರ: ಈ ರಿಪೋರ್ಟ್ ನೋಡಿ ಮಾತ್ರೆ ನಿಲ್ಲಿಸಬೇಕಾಗಿರಲಿಲ್ಲ. ಬರೆದುಕೊಟ್ಟ ಡಾಕ್ಟರನ್ನು ಕೇಳಿ ಮತ್ತೆ ಶುರು ಮಾಡಿ. ಎಸೆನ್ಷಿಯಲ್ ಥ್ರಾಂಬೋಸೈಥೀಮಿಯಾ ಅಂದರೆ ಮೂಳೆಮಜ್ಜೆ ಪ್ಲೇಟ್‌ಲೆಟ್‌ಗಳನ್ನು ಅತಿಯಾಗಿ ಮಾಡುವ ಕಾಯಿಲೆ. ತಿನ್ನುವ ಕ್ಯಾಲ್ಸಿಯಂನಿಂದ ಈ ಕಾಯಿಲೆ ಬರುವುದೂ ಇಲ್ಲ, ಜಾಸ್ತಿಯಾಗುವುದೂ ಇಲ್ಲ.

ಸಿಎಎಲ್ಆರ್ ಜೀನ್‌ನಿಂದ ತಯಾರಾಗುವ ಕ್ಯಾಲ್‌ರೆಟಿಕ್ಯುಲಿನ್ ನಮ್ಮೆಲ್ಲರ ಜೀವಕೋಶಗಳೊಳಗೂ ಇರುವ ಪ್ರೋಟೀನ್. ಅಲ್ಲಿ ಕ್ಯಾಲ್ಸಿಯಂ ಹಿಡಿದಿಡುತ್ತದೆ, ಹೊಸ ಪ್ರೋಟೀನ್‌ಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುತ್ತದೆ. ಅದರ ಬಾಲದ ತುದಿಯಲ್ಲಿ ನಾಲ್ಕು ಅಮೈನೋ ಆಮ್ಲಗಳ ಒಂದು ಗುರುತಿದೆ. ಮನೆ ವಿಳಾಸದ ಹಾಗೆ. ಕಣ್ತಪ್ಪಿ ಆಚೆ ಹೋದರೂ ಅದನ್ನು ನೋಡಿ ವಾಪಸ್ ಕರೆತರುತ್ತಾರೆ. ನಿಮ್ಮ ಅಮ್ಮನಂಥವರಲ್ಲಿ ಈ ಜೀನ್‌ನಿಂದ ಸಾಮಾನ್ಯವಾಗಿ 52 ಅಕ್ಷರ ಕಳಚಿರುತ್ತವೆ, ಇಲ್ಲವೇ 5 ಅಕ್ಷರ ಹೆಚ್ಚಾಗಿ ಸೇರಿರುತ್ತವೆ. ಜೀನ್ ಓದುವುದು ಮೂರು ಮೂರು ಅಕ್ಷರವಾಗಿ. 52 ಆಗಲಿ 5 ಆಗಲಿ ಮೂರರಿಂದ ಭಾಗವಾಗದು ನೋಡಿ, ಅಲ್ಲಿಂದ ಮುಂದೆ ಓದುವುದೆಲ್ಲ ತಪ್ಪು. ಬಾಲವೇ ಬೇರೆಯಾಗುತ್ತದೆ, ವಿಳಾಸ ಅಳಿಸಿಹೋಗುತ್ತದೆ. ಈ ಹೊಸ ಬಾಲದ ಪ್ರೋಟೀನ್, ಪ್ಲೇಟ್‌ಲೆಟ್ ಮಾಡಿಸುವ ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನ್ ಬಂದು ಕೂರುವ ರಿಸೆಪ್ಟರ್‌ಗೆ ಅಂಟಿಕೊಂಡು ಜೀವಕೋಶದ ಮೇಲ್ಮೈಗೆ ಬರುತ್ತದೆ. ಹಾರ್ಮೋನ್ ಇಲ್ಲದಿದ್ದರೂ ‘ಪ್ಲೇಟ್‌ಲೆಟ್ ಮಾಡು’ ಎಂಬ ಸಂದೇಶ ಹೋಗುತ್ತಲೇ ಇರುತ್ತದೆ. ತಮಾಷೆ ಎಂದರೆ, ಆ ಸಂದೇಶ ಸಾಗುವುದು ಜೆಎಕೆ2 ಎಂಬ ಇನ್ನೊಂದು ಪ್ರೋಟೀನ್ ಮೂಲಕವೇ. ನೆಗೆಟಿವ್ ಅಂದರೆ ಜೆಎಕೆ2 ಜೀನ್‌ನಲ್ಲಿ ಹುಡುಕಿದ ದೋಷ ಸಿಗಲಿಲ್ಲ ಅಂತಷ್ಟೇ.

ಇದು ಗೊತ್ತಾಗಿದ್ದು 2013ರಲ್ಲಿ, ವಿಯೆನ್ನಾ ಮತ್ತು ಕೇಂಬ್ರಿಡ್ಜ್‌ನ ತಂಡಗಳಿಂದ. ಅಲ್ಲಿಯವರೆಗೆ ಇಂಥ ಎಷ್ಟೋ ಜನರಿಗೆ ‘ಜೀನ್ ಯಾವುದು ಅಂತ ಗೊತ್ತಿಲ್ಲ’ ಅಂತಲೇ ನಾನು ಹೇಳಿ ಕಳಿಸುತ್ತಿದ್ದೆ.

ನಿಮಗೆ ಬರುತ್ತಾ? ಈ ಬದಲಾವಣೆ ಹುಟ್ಟಿನಿಂದ ಬಂದದ್ದಲ್ಲ. ಅಮ್ಮನ ಮಜ್ಜೆಯ ಒಂದು ಕಾಂಡಕೋಶದಲ್ಲಿ ಆಮೇಲೆ ಆದದ್ದು. ನಿಮ್ಮ ರಕ್ತದ ಎಣಿಕೆ ಸರಿಯಿದ್ದರೆ ಜೀನ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ.

ಅಮ್ಮನ ವಿಷಯ. ಜೆಎಕೆ2 ದೋಷ ಇರುವವರಿಗಿಂತ ಸಿಎಎಲ್ಆರ್ ದೋಷ ಇರುವವರಲ್ಲಿ ಪ್ಲೇಟ್‌ಲೆಟ್ ಜಾಸ್ತಿ, ಆದರೆ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. 60 ದಾಟಿರುವುದರಿಂದ ಪ್ಲೇಟ್‌ಲೆಟ್ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಔಷಧಿ ಬೇಕೇ ಎಂದು ಕೇಳಿ. ಕೆಲವರಲ್ಲಿ ವರ್ಷಗಳು ಕಳೆದಂತೆ ಮಜ್ಜೆ ನಾರುಗಟ್ಟುವುದುಂಟು, ಆಗ ಗುಲ್ಮ (ಸ್ಪ್ಲೀನ್) ಊದುತ್ತದೆ, ಅದಕ್ಕೇ ಅದನ್ನು ಮುಟ್ಟಿ ನೋಡುತ್ತಿರುತ್ತೇವೆ. ಆ ತಪ್ಪು ಬಾಲವನ್ನೇ ಗುರಿಯಾಗಿಸಿದ ಆಂಟಿಬಾಡಿ ಔಷಧಿಗಳ ಪ್ರಯೋಗವೂ ರೋಗಿಗಳಲ್ಲಿ ಶುರುವಾಗಿದೆ.

ಆಸ್ಪಿರಿನ್ ಮಾತ್ರ ನೀವಾಗಿಯೇ ಶುರು ಮಾಡಬೇಡಿ. ಪ್ಲೇಟ್‌ಲೆಟ್ 10 ಲಕ್ಷ ದಾಟಿ ತೀರಾ ಏರಿದರೆ, ರಕ್ತ ನಿಲ್ಲಿಸುವ ವಾನ್ ವಿಲ್ಲೆಬ್ರ್ಯಾಂಡ್ ಎಂಬ ಅಂಶ ಕಡಿಮೆಯಾಗಿ ರಕ್ತ ಸೋರಬಹುದು, ಆಸ್ಪಿರಿನ್ ಅದನ್ನು ಇನ್ನೂ ಹೆಚ್ಚಿಸಬಹುದು. ಅಮ್ಮನಿಗೆ ಒಸಡಿನಲ್ಲೋ ಮೂಗಿನಲ್ಲೋ ರಕ್ತ ಬಂದರೆ ಅವತ್ತೇ ಡಾಕ್ಟರಿಗೆ ತಿಳಿಸಿ.